ಕನಸಿನ ಲೆಕ್ಕ ಯಾರ ಖಾತೆಗೆ?



ನಮ್ಮ ಬಸದಿಗಳಲ್ಲಿ ಪಂಚಕಲ್ಯಾಣ ಮಹೋತ್ಸವ ನಡೆಯುವಾಗ ಗರ್ಭಕಲ್ಯಾಣದ ದಿನ ಜಿನಮಾತೆಯು ಕಂಡ ಶುಭಸ್ವಪ್ನಗಳನ್ನು ಭಕ್ತಿಯಿಂದ ನಿರೂಪಿಸುತ್ತೇವೆ. ದಿಗಂಬರ ಪರಂಪರೆಯಲ್ಲಿ ಅವು 16, ಶ್ವೇತಾಂಬರ ಪರಂಪರೆಯಲ್ಲಿ 14. ಚಂದ್ರಗುಪ್ತ ಮೌರ್ಯನು 16 ಸ್ವಪ್ನಗಳನ್ನು ಕಂಡನೆಂದೂ ಭದ್ರಬಾಹು ಸ್ವಾಮಿಗಳು ಅವುಗಳ ಫಲವನ್ನು ವಿವರಿಸಿದರೆಂದೂ ಹೇಳುವ ಕಥೆಯನ್ನು ಶ್ರವಣಬೆಳಗೊಳದ ಯಾತ್ರೆ ಮಾಡಿದ ಪ್ರತಿ ಕುಟುಂಬವೂ ಕೇಳಿರುತ್ತದೆ. ಮಹಾಪುರುಷರ ಕನಸುಗಳನ್ನು ಇಷ್ಟು ಆದರದಿಂದ ಕಾಣುವ ನಾವು, ನಮ್ಮ ನಿಮ್ಮಂತಹ ಸಾಮಾನ್ಯ ಶ್ರಾವಕರ ಕನಸುಗಳ ವಿಷಯದಲ್ಲಿ ಏನು ಹೇಳುತ್ತೇವೆ? ಕನಸಿನಲ್ಲಿ ಮಾಡಿದ ಹಿಂಸೆ ಹಿಂಸೆಯೇ? ಕನಸಿನಲ್ಲಿ ಕದ್ದದ್ದು ಕಳವೇ? ಕಣ್ತೆರೆದೊಡನೆ ಮಾಯವಾಗುವ ಆ ವ್ಯವಹಾರವನ್ನು ಯಾರ ಖಾತೆಗೆ ಬರೆಯಬೇಕು?

ಈ ಪ್ರಶ್ನೆ ನನಗೆ ಶಾಸ್ತ್ರಸಭೆಯಲ್ಲಿ ಹುಟ್ಟಲಿಲ್ಲ. ಆರ್.ಟಿ. ನಗರದ ನಮ್ಮ ಮನೆಯ ನಡುಮನೆಯಲ್ಲಿ, ದೂರದರ್ಶನದ ಪರದೆಯ ಮುಂದೆ ಹುಟ್ಟಿತು. ಒಂದು ಭಾನುವಾರ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಕುಳಿತಿದ್ದೆವು. ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನು, “ತಾತ, ನೀವು ಸದಾ ತತ್ತ್ವ ತತ್ತ್ವ ಎನ್ನುತ್ತೀರಿ, ಇದೊಂದು ತತ್ತ್ವದ ಚಿತ್ರ ನೋಡಿ” ಎಂದು ‘ವೇಕಿಂಗ್ ಲೈಫ್’ ಎಂಬ ಅಮೆರಿಕದ ಚಿತ್ರವನ್ನು ಹಾಕಿದನು. ರಿಚರ್ಡ್ ಲಿಂಕ್‌ಲೇಟರ್ ಎಂಬ ನಿರ್ದೇಶಕರು 2001ರಲ್ಲಿ ತೆರೆಗೆ ತಂದದ್ದು. ನಮ್ಮೊಡನೆ ಅಳಿಯಂದಿರೂ, ನನ್ನ ಅತ್ತಿಗೆಯವರೂ, ಯಲಹಂಕದಿಂದ ಬಂದಿದ್ದ ನಿವೃತ್ತ ಉಪಾಧ್ಯಾಯ ಮಿತ್ರರೂ ಇದ್ದರು.

ಚಿತ್ರವನ್ನು ತಯಾರಿಸಿದ ಬಗೆಯೇ ವಿಚಿತ್ರವಾದುದು. ಮೊದಲು ನಿಜವಾದ ಮನುಷ್ಯರನ್ನು ಕ್ಯಾಮೆರಾದಲ್ಲಿ ಚಿತ್ರೀಕರಿಸಿ, ಅನಂತರ ಅನೇಕ ಕಲಾವಿದರು ಕಂಪ್ಯೂಟರಿನ ಸಹಾಯದಿಂದ ಆ ದೃಶ್ಯಗಳ ಮೇಲೆ ಗೆರೆ ಎಳೆದು ಬಣ್ಣ ತುಂಬಿದ್ದಾರೆ. ಆದ್ದರಿಂದ ಮಾತನಾಡುವವನ ಮುಖ ಒಮ್ಮೆ ನಿಂತ ಹಾಗೆ, ಒಮ್ಮೆ ನೀರಿನಲ್ಲಿ ತೇಲಿದ ಹಾಗೆ ಕಾಣುತ್ತದೆ. ಹೆಸರಿಲ್ಲದ ಒಬ್ಬ ಯುವಕನು ಒಂದು ಕನಸಿನಿಂದ ಎಚ್ಚೆತ್ತು ಮತ್ತೊಂದು ಕನಸಿಗೇ ಬೀಳುತ್ತಾನೆ. ದಾರಿಯಲ್ಲಿ ಸಿಕ್ಕವರೆಲ್ಲರೂ ಅವನೊಡನೆ ಸ್ವಾತಂತ್ರ್ಯ, ಮರಣ, ಕಾಲ, ಇಚ್ಛೆ ಮುಂತಾದ ವಿಷಯಗಳನ್ನು ಚರ್ಚಿಸುತ್ತಾರೆ. ಕನಸಿನಲ್ಲಿದ್ದೇವೆಯೋ ಎಂದು ತಿಳಿಯಬೇಕಾದರೆ ದೀಪದ ಸ್ವಿಚ್ ಒತ್ತಿ ನೋಡಬೇಕು, ಕನಸಿನಲ್ಲಿ ಬೆಳಕು ಬದಲಾಗದು ಎಂದು ಒಬ್ಬರು ಅವನಿಗೆ ಹೇಳಿಕೊಡುತ್ತಾರೆ. ಅವನು ಒತ್ತುತ್ತಾನೆ, ಬೆಳಕು ಬದಲಾಗುವುದಿಲ್ಲ. ಕೊನೆಯಲ್ಲಿ ಅವನು ಆಕಾಶದಲ್ಲಿ ತೇಲಿ ಮರೆಯಾಗುತ್ತಾನೆ. ಎಚ್ಚೆತ್ತನೋ ಸತ್ತನೋ ಎಂಬುದನ್ನು ಚಿತ್ರವು ಹೇಳುವುದಿಲ್ಲ.

ಚಿತ್ರ ಮುಗಿದ ಮೇಲೆ ಅಭಿಪ್ರಾಯಗಳು ನಾಲ್ಕಾದವು. ಅವುಗಳನ್ನು ಇಲ್ಲಿ ದಾಖಲಿಸುವುದಕ್ಕೆ ಕಾರಣವಿದೆ. ಈ ನಾಲ್ಕು ಅಭಿಪ್ರಾಯಗಳು ನಮ್ಮ ಮನೆಯವು ಮಾತ್ರವಲ್ಲ. ತತ್ತ್ವಶಾಸ್ತ್ರದ ಇತಿಹಾಸದಲ್ಲಿ ಇವೇ ದೊಡ್ಡ ಹೆಸರುಗಳನ್ನು ಧರಿಸಿ ಕುಳಿತಿವೆ.

ಮೊಮ್ಮಗನು ಉತ್ಸಾಹದಿಂದ, “ಹಾಗಾದರೆ ಈಗ ನಾವು ಕೂತಿರುವುದೂ ಕನಸಲ್ಲ ಎಂದು ಹೇಳುವುದು ಹೇಗೆ ತಾತ? ಎಲ್ಲವೂ ಮನಸ್ಸಿನ ಆಟ. ಹೀಗಿದ್ದ ಮೇಲೆ ಯಾವುದನ್ನೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ” ಎಂದನು. ಹೆಬ್ಬಾಳದ ಬಳಿ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅಳಿಯಂದಿರು ನಕ್ಕರು. “ಕನಸೆಂದರೆ ಮೆದುಳು ರಾತ್ರಿ ಗುಡಿಸಿ ಹಾಕುವ ಕಸ. ಕಸದಲ್ಲಿ ತತ್ತ್ವ ಹುಡುಕಬಾರದು. ಹೊರಗೆ ಏನು ಮಾಡಿದೆವೋ ಅದಷ್ಟೇ ಲೆಕ್ಕ” ಎಂದರು. ಉಪಾಧ್ಯಾಯರು, “ಇದು ಚಿತ್ರವಲ್ಲ, ಪ್ರವಚನಮಾಲೆ. ಒಂದು ಪ್ರವಚನ ಮುಗಿಯುವುದರೊಳಗೆ ಇನ್ನೊಂದು ಶುರು. ಆದರೆ ಆ ಸೆರೆಮನೆಯವನು ಮಾತ್ರ ನನ್ನ ಕಣ್ಣಿಂದ ಹೋಗುತ್ತಿಲ್ಲ” ಎಂದರು. ಅವರು ಹೇಳಿದ್ದು ಚಿತ್ರದ ನಡುವೆ ಬರುವ ಒಂದು ಚಿಕ್ಕ ದೃಶ್ಯವನ್ನು. ಕೋಣೆಯಲ್ಲಿ ಬಂಧಿತನಾದ ಒಬ್ಬನು, ತನ್ನನ್ನು ಅಲ್ಲಿಗೆ ತಳ್ಳಿದವರಿಗೆ ಯಾವ ಯಾವ ಚಿತ್ರಹಿಂಸೆ ಕೊಡುವೆನೆಂದು ಬಣ್ಣಿಸಿ ಬಣ್ಣಿಸಿ ಹೇಳುತ್ತಾನೆ. ಅವನ ಕೈ ಒಂದು ನೊಣವನ್ನೂ ಮುಟ್ಟುವುದಿಲ್ಲ.

ಕೊನೆಗೆ ಅತ್ತಿಗೆಯವರು ಮೆಲ್ಲಗೆ ಹೇಳಿದರು: “ಅನಂತ ಚತುರ್ದಶಿಯ ಉಪವಾಸದ ರಾತ್ರಿ ಕನಸಿನಲ್ಲಿ ಹೋಳಿಗೆ ತಿಂದೆ. ಬೆಳಿಗ್ಗೆ ಎದ್ದು ನೂರೆಂಟು ಬಾರಿ ಣಮೋಕಾರ ಜಪಿಸಿದೆ. ನಗಬೇಡಿ, ಮಾಡಿದ್ದು ಸರಿಯೋ ತಪ್ಪೋ ಹೇಳಿ.” ಅಳಿಯಂದಿರು ನಕ್ಕರು, ಮೊಮ್ಮಗನೂ ನಕ್ಕನು. ನಾನು ನಗಲಿಲ್ಲ, ಆದರೆ ಉತ್ತರವನ್ನೂ ಕೊಡಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ.

ಇಂಗ್ಲಿಷಿನ ವೇಗಕ್ಕೆ ಸೋತ ಅತ್ತಿಗೆಯವರಿಗಾಗಿ ಮುಂದಿನ ಭಾನುವಾರ ಕನ್ನಡದ ‘ಲೂಸಿಯಾ’ವನ್ನು ನೋಡಿದೆವು. ಅದು ಬಣ್ಣ ಬಳಿದ ಚಿತ್ರವಲ್ಲ, ನಟನಟಿಯರ ಚಿತ್ರ. ಆದರೆ ವಿಷಯ ಕನಸೇ. 2013ರಲ್ಲಿ ಪವನ್ ಕುಮಾರ್ ಅವರು ಅದನ್ನು ನಿರ್ದೇಶಿಸಿದರು. ನಿರ್ಮಾಪಕರನ್ನು ಕಾಯದೆ, ನೂರಕ್ಕೂ ಹೆಚ್ಚು ಮಂದಿ ಸಾಮಾನ್ಯ ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ ತೆಗೆದ ಚಿತ್ರವೆಂದು ಆಗ ಬಹಳ ಮಾತಾಗಿತ್ತು. ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಅದೇ ವರ್ಷ ಪ್ರೇಕ್ಷಕರು ಆರಿಸುವ ಪ್ರಶಸ್ತಿಯೂ ಅದಕ್ಕೆ ಬಂದಿತು. ನಿದ್ರೆ ಬಾರದ, ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರಿಗೆ ಆಸನ ತೋರಿಸುವ ಒಬ್ಬ ಬಡ ಹುಡುಗನು ಒಂದು ಮಾತ್ರೆಯನ್ನು ನುಂಗುತ್ತಾನೆ. ಅದರಿಂದ ಪ್ರತಿ ರಾತ್ರಿ ತಾನೊಬ್ಬ ಪ್ರಸಿದ್ಧ ನಟನಾದಂತೆ ಕನಸು ಕಾಣುತ್ತಾನೆ. ಒಂದು ಬದುಕು ಬಣ್ಣದಲ್ಲಿಯೂ ಇನ್ನೊಂದು ಕಪ್ಪು ಬಿಳುಪಿನಲ್ಲಿಯೂ ಸಾಗುತ್ತದೆ. ಬಣ್ಣದ್ದೇ ನಿಜ, ಕಪ್ಪು ಬಿಳುಪೇ ಕನಸು ಎಂದು ನಂಬಿ ಕುಳಿತ ಪ್ರೇಕ್ಷಕನಿಗೆ, ಕೊನೆಯಲ್ಲಿ ನಿಜವಾದವನು ನಟನೇ, ಅವನೇ ಸಾಮಾನ್ಯನಾಗಿ ಬಾಳುವ ಕನಸನ್ನು ಬಯಸಿ ಕಾಣುತ್ತಿದ್ದಾನೆ ಎಂದು ತಿಳಿಯುತ್ತದೆ.

ಈ ಬಾರಿಯೂ ಅದೇ ಅಭಿಪ್ರಾಯಭೇದ. ಮೊಮ್ಮಗನು ತನ್ನ ಮಾತಿಗೆ ಸಾಕ್ಷಿ ದೊರೆಯಿತೆಂದನು. ಅಳಿಯಂದಿರು ಚಿತ್ರ ಚೆನ್ನಾಗಿದೆ, ತತ್ತ್ವ ಬೇಡ ಎಂದರು. ಆದರೆ ನನ್ನ ಗಮನ ಬೇರೆಡೆಗೆ ಹೋಯಿತು. ಆ ಕಥೆಯ ನಾಯಕನು ಯಾವ ಬದುಕಿನಲ್ಲಿದ್ದರೂ ಅವನ ಆಸೆ, ಅಂಜಿಕೆ, ಅಸೂಯೆ ಒಂದೇ ಆಗಿವೆ. ವೇಷ ಬದಲಾಗಿದೆ, ಕಷಾಯ ಬದಲಾಗಿಲ್ಲ. ಇಲ್ಲಿಂದಲೇ ನಮ್ಮ ಆಚಾರ್ಯರ ಮಾತು ನನಗೆ ಅರ್ಥವಾಗತೊಡಗಿತು.

ಸಮಂತಭದ್ರ ಸ್ವಾಮಿಗಳು ತಮ್ಮ ‘ಆಪ್ತಮೀಮಾಂಸೆ’ಯಲ್ಲಿ ಎರಡು ಏಕಾಂತಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಪರೀಕ್ಷಿಸುತ್ತಾರೆ. ಅಂತರಂಗದ ಜ್ಞಾನವೊಂದೇ ಸತ್ಯ, ಹೊರಗೆ ವಸ್ತುವೇ ಇಲ್ಲ ಎಂಬುದು ಒಂದು. ಬಹಿರಂಗದ ವಸ್ತುವೊಂದೇ ಸತ್ಯ ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದರೆ ಯಾವ ಮಾತು ಸರಿ, ಯಾವುದು ತಪ್ಪು ಎಂದು ಅಳೆಯುವ ಅಳತೆಗೋಲೇ ಉಳಿಯುವುದಿಲ್ಲ. ಎಲ್ಲವೂ ಕನಸು ಎಂಬ ಮಾತೂ ಕನಸಿನ ಮಾತಾಗುತ್ತದೆ, ಅದನ್ನು ನಂಬುವ ಕಾರಣವೇ ಇಲ್ಲವಾಗುತ್ತದೆ. ಎರಡನೆಯದನ್ನು ಒಪ್ಪಿದರೆ ಭ್ರಮೆ ಎಂಬುದಕ್ಕೇ ಸ್ಥಾನವಿಲ್ಲ. ಪರಸ್ಪರ ವಿರುದ್ಧವಾದ ಮಾತುಗಳೆಲ್ಲವನ್ನೂ ಸರಿಯೆನ್ನಬೇಕಾಗುತ್ತದೆ. ಮೊಮ್ಮಗ ಮತ್ತು ಅಳಿಯಂದಿರು ಈ ಎರಡು ಏಕಾಂತಗಳನ್ನು ಸರಿಯಾಗಿ ಹಂಚಿಕೊಂಡಿದ್ದರು!

ಅನಂತರ ಆಚಾರ್ಯರು ಕೊಡುವ ಸಮಾಧಾನ ಬಹು ಸೂಕ್ಷ್ಮವಾದುದು. ಜ್ಞಾನವು ತನ್ನನ್ನು ತಾನು ಅರಿಯುವ ದೃಷ್ಟಿಯಿಂದ ನೋಡಿದರೆ ಯಾವ ಜ್ಞಾನವೂ ಸುಳ್ಳಲ್ಲ. ಹೊರಗಿನ ವಸ್ತುವಿನ ದೃಷ್ಟಿಯಿಂದ ನೋಡಿದರೆ ಅದು ಸತ್ಯವೂ ಆಗಬಹುದು, ಸುಳ್ಳೂ ಆಗಬಹುದು. ಇದನ್ನು ನಮ್ಮ ವಿಷಯಕ್ಕೆ ಅನ್ವಯಿಸೋಣ. ಕನಸಿನಲ್ಲಿ ಹಾವು ಕಂಡಿತು. ಕೋಣೆಯಲ್ಲಿ ಹಾವಿಲ್ಲ, ಆದ್ದರಿಂದ ಹೊರಗಿನ ದೃಷ್ಟಿಯಿಂದ ಆ ಅರಿವು ಸುಳ್ಳು. ಆದರೆ ಹೆದರಿದ್ದು ಸುಳ್ಳೇ? ಎದೆ ಬಡಿದುಕೊಂಡದ್ದು, ಬೆವರಿದ್ದು, ಚೀರಿದ್ದು ಎಲ್ಲವೂ ನಿಜ. ಹಾವು ಇರಲಿಲ್ಲ, ಭಯ ಇತ್ತು. ಅತ್ತಿಗೆಯವರು ಹೋಳಿಗೆ ತಿನ್ನಲಿಲ್ಲ. ಉಪವಾಸ ಕೆಡಲಿಲ್ಲ. ಆದರೆ ಹೋಳಿಗೆಯ ಆಸೆ ಆ ರಾತ್ರಿ ಅವರ ಆತ್ಮದಲ್ಲಿ ನಿಜವಾಗಿಯೇ ಎದ್ದಿತ್ತು. ಅವರು ಜಪ ಮಾಡಿದ್ದು ಹೋಳಿಗೆಗಾಗಿ ಅಲ್ಲ, ಆ ಆಸೆಗಾಗಿ. ಮನೆಯ ಐವರಲ್ಲಿ ಸರಿಯಾದ ನಯವನ್ನು ಹಿಡಿದವರು ಅವರೊಬ್ಬರೇ.

ಇದು ಕೇವಲ ತರ್ಕವಲ್ಲ, ಆಚಾರದಲ್ಲಿಯೂ ಇದಕ್ಕೆ ಆಧಾರವಿದೆ. ಮುನಿಗಳ ಆಚಾರವನ್ನು ಹೇಳುವ ವಟ್ಟಕೇರ ಆಚಾರ್ಯರ ‘ಮೂಲಾಚಾರ’ದಲ್ಲಿ ದಿನದ ಪ್ರತಿಕ್ರಮಣವಲ್ಲದೆ ರಾತ್ರಿಯ ಪ್ರತಿಕ್ರಮಣವನ್ನೂ ಬೇರೆಯಾಗಿ ಹೇಳಲಾಗಿದೆ. ನಡೆಯುವಾಗ, ಆಹಾರಕ್ಕೆ ಹೋಗುವಾಗ, ಸ್ವಪ್ನ ಮೊದಲಾದವುಗಳಲ್ಲಿ ದೋಷ ನಡೆದಿರಲಿ, ನಡೆಯದಿರಲಿ, ಪ್ರಥಮ ಮತ್ತು ಅಂತಿಮ ತೀರ್ಥಂಕರರ ಶಿಷ್ಯರು ತಪ್ಪದೆ ಪ್ರತಿಕ್ರಮಣ ಮಾಡುತ್ತಾರೆಂದು ಅಲ್ಲಿ ಹೇಳಿದೆ. ಕನಸು ಲೆಕ್ಕಕ್ಕೆ ಬಾರದ ಕಸವಾಗಿದ್ದರೆ ಆಚಾರ್ಯರು ಅದನ್ನು ಹೆಸರಿಸುವ ಶ್ರಮವನ್ನೇಕೆ ತೆಗೆದುಕೊಳ್ಳುತ್ತಿದ್ದರು?

ಹಾಗೆಂದು ಕನಸಿನ ಹಿಂಸೆ ಮತ್ತು ಎಚ್ಚರದ ಹಿಂಸೆ ಒಂದೇ ತೂಕದವು ಎನ್ನಬಹುದೇ? ಖಂಡಿತ ಇಲ್ಲ. ಇಲ್ಲಿ ಅಳಿಯಂದಿರ ಆಕ್ಷೇಪವನ್ನು ಪೂರ್ಣವಾಗಿ ಕೇಳಬೇಕು. “ಮಾವ, ನನ್ನ ಕೈಯಲ್ಲಿಲ್ಲದ್ದಕ್ಕೆ ನಾನು ಹೇಗೆ ಹೊಣೆ? ಯಾವ ನ್ಯಾಯಾಧೀಶನೂ ಕನಸಿಗೆ ಶಿಕ್ಷೆ ಕೊಡುವುದಿಲ್ಲವಲ್ಲ” ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮಲ್ಲಿ ಕರ್ಮವು ನ್ಯಾಯಾಧೀಶನಲ್ಲ. ಅದು ಯಾರ ಮೇಲೂ ಮೊಕದ್ದಮೆ ಹೂಡುವುದಿಲ್ಲ. ಒದ್ದೆ ಬಟ್ಟೆಯ ಮೇಲೆ ಧೂಳು ಕೂರುವಂತೆ ಕಷಾಯವಿದ್ದಲ್ಲಿ ಬಂಧವಾಗುತ್ತದೆ. ಒದ್ದೆ ಎಷ್ಟೋ ಧೂಳು ಅಷ್ಟು. ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಆಸ್ರವದ ತಾರತಮ್ಯಕ್ಕೆ ಕಾರಣಗಳನ್ನು ಎಣಿಸುವಾಗ ಭಾವ ತೀವ್ರವೋ ಮಂದವೋ, ತಿಳಿದು ಮಾಡಿದ್ದೋ ತಿಳಿಯದೆ ಆದದ್ದೋ, ಆಧಾರ ಯಾವುದು, ಶಕ್ತಿ ಎಷ್ಟು ಎಂಬುದೆಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಸಾಮಾನ್ಯವಾದ ಕನಸು ತಿಳಿಯದೆ ಆದದ್ದು. ಅಲ್ಲಿ ಹೊರಗಿನ ಜೀವಿಗೆ ನೋವಿಲ್ಲ. ಆದ್ದರಿಂದ ಅದರ ಭಾರ ಹಗುರ. ಹಗುರವೆಂದರೆ ಶೂನ್ಯವಲ್ಲ. ವ್ಯಾಪಾರಿಯ ಕಿರ್ದಿಯಲ್ಲಿ ಐದು ಪೈಸೆಯ ಬಾಬ್ತನ್ನೂ ಬರೆಯಬೇಕು. ಐದು ಪೈಸೆಯೆಂದು ಬಿಟ್ಟರೆ ವರ್ಷಾಂತ್ಯದಲ್ಲಿ ತಾಳೆ ಬೀಳುವುದಿಲ್ಲ. ಐದು ಪೈಸೆಯನ್ನು ಐನೂರೆಂದು ಬರೆದರೂ ತಾಳೆ ಬೀಳುವುದಿಲ್ಲ.

ನಿದ್ರೆಯ ವಿಷಯದಲ್ಲಿ ನಮ್ಮ ಶಾಸ್ತ್ರಕಾರರು ತೋರಿದ ಎಚ್ಚರ ಆಶ್ಚರ್ಯಕರವಾದುದು. ದರ್ಶನಾವರಣೀಯ ಕರ್ಮದ ಒಂಬತ್ತು ಭೇದಗಳಲ್ಲಿ ಐದು ನಿದ್ರೆಯವೇ ಆಗಿವೆ: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ಕೊನೆಯದರ ಉದಯದಲ್ಲಿ ಮನುಷ್ಯನು ನಿದ್ರೆಯಲ್ಲಿಯೇ ಎದ್ದು ಭಯಂಕರ ಕೃತ್ಯಗಳನ್ನು ಮಾಡಬಲ್ಲನು. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿ ಹದಿನೈದು ಪ್ರಮಾದಗಳನ್ನು ಎಣಿಸುವಾಗ ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯಗಳ ಜೊತೆಗೆ ನಿದ್ರೆಯನ್ನೂ ಸ್ನೇಹವನ್ನೂ ಸೇರಿಸಲಾಗಿದೆ. ಶ್ವೇತಾಂಬರ ಆಗಮವಾದ ‘ಭಗವತೀಸೂತ್ರ’ವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೀವನು ಪೂರ್ಣ ನಿದ್ರೆಯಲ್ಲಿಯೂ ಕನಸು ಕಾಣುವುದಿಲ್ಲ, ಪೂರ್ಣ ಎಚ್ಚರದಲ್ಲಿಯೂ ಕಾಣುವುದಿಲ್ಲ, ಸುಪ್ತಜಾಗೃತ ಸ್ಥಿತಿಯಲ್ಲಿ ಕಾಣುತ್ತಾನೆ ಎನ್ನುತ್ತದೆ. 1953ರಲ್ಲಿ ಅಮೆರಿಕದ ಚಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ಮಲಗಿದವನ ಮುಚ್ಚಿದ ರೆಪ್ಪೆಯಡಿಯಲ್ಲಿ ಕಣ್ಣುಗುಡ್ಡೆಗಳು ಬೇಗ ಬೇಗ ಚಲಿಸುವ ಒಂದು ಹಂತವುಂಟೆಂದೂ ಆಗ ಎಬ್ಬಿಸಿದರೆ ಬಹುಮಂದಿ ಕನಸನ್ನು ಹೇಳುವರೆಂದೂ ಪ್ರಕಟಿಸಿದರು. ಆ ಹಂತದಲ್ಲಿ ಮೆದುಳಿನ ಚಟುವಟಿಕೆ ಬಹುಮಟ್ಟಿಗೆ ಎಚ್ಚರದ ಸ್ಥಿತಿಯನ್ನೇ ಹೋಲುತ್ತದೆ. ಆಗಮವನ್ನು ವಿಜ್ಞಾನದ ಪಠ್ಯಪುಸ್ತಕ ಮಾಡುವ ಚಪಲ ನನಗಿಲ್ಲ. ಕನಸಿನಲ್ಲಿ ಮನುಷ್ಯ ಕಲ್ಲಿನಂತೆ ಬಿದ್ದಿರುವುದಿಲ್ಲ ಎಂಬಷ್ಟನ್ನು ಎರಡೂ ಕಡೆಯಿಂದ ಕೇಳಿದೆವೆಂದರೆ ಸಾಕು.

ಇನ್ನೊಂದು ಸಂಗತಿಯೂ ಇದೆ. ಕೆಲವರು ಕನಸಿನೊಳಗೇ, ಇದು ಕನಸು ಎಂದು ಅರಿಯಬಲ್ಲರು. ‘ವೇಕಿಂಗ್ ಲೈಫ್’ ಚಿತ್ರದ ಮಾತುಗಳಲ್ಲಿ ಬಹುಪಾಲು ಇದನ್ನೇ ಸುತ್ತುತ್ತದೆ. 1975ರಲ್ಲಿ ಇಂಗ್ಲೆಂಡಿನಲ್ಲಿ ಕೀತ್ ಹರ್ನ್ ಎಂಬವರು ಇದನ್ನು ಪ್ರಯೋಗದಲ್ಲಿ ದಾಖಲಿಸಿದರು. ಮಲಗಿದವನು ಮೊದಲೇ ಒಪ್ಪಿಕೊಂಡಂತೆ ಕಣ್ಣುಗಳನ್ನು ಚಲಿಸಿ, ನಿದ್ರೆಯಿಂದಲೇ ಸಂಜ್ಞೆ ಮಾಡಿದನು. ಅಂತಹ ಕನಸಿನಲ್ಲಿ ಏನನ್ನಾದರೂ ಮಾಡುವ ಸ್ವಾತಂತ್ರ್ಯವಿದೆ, ಯಾರಿಗೂ ನಷ್ಟವಿಲ್ಲ ಎಂದು ಮೊಮ್ಮಗನಂತಹ ತರುಣರು ಹಿಗ್ಗುತ್ತಾರೆ. ಆದರೆ ಉಮಾಸ್ವಾಮಿಗಳ ಅಳತೆಯಲ್ಲಿ ಅರಿವು ಬಂದೊಡನೆ ಹೊಣೆಯೂ ಹೆಚ್ಚುತ್ತದೆ. ಅದು ತಿಳಿದು ಮಾಡಿದ ಭಾವವಾಗುತ್ತದೆ. ಕನಸೆಂದು ತಿಳಿದೂ ಹೊಡೆಯಲು ಕೈಯೆತ್ತಿದವನು, ಅವಕಾಶ ಸಿಕ್ಕರೆ ತಾನೇನು ಮಾಡುವೆನೆಂಬುದನ್ನು ತನಗೆ ತಾನೇ ತೋರಿಸಿಕೊಂಡಂತಾಯಿತು.

ಯಾರಿಗೂ ನಷ್ಟವಿಲ್ಲ ಎಂಬ ಮಾತನ್ನು ನಮ್ಮ ಕನ್ನಡದ ಜೈನಕವಿಯೊಬ್ಬನು ಎಂಟು ನೂರು ವರ್ಷಗಳ ಹಿಂದೆಯೇ ಪರೀಕ್ಷಿಸಿದ್ದಾನೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ನೆನೆಯಿರಿ. ರಾಣಿ ಅಮೃತಮತಿಯು ಮಾವುತನೊಬ್ಬನಿಗೆ ಒಲಿದುದನ್ನು ರಾಜ ಯಶೋಧರನು ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತಿಯೂ ಕೊಲ್ಲದೆ ಹಿಂದಿರುಗುತ್ತಾನೆ. ಕಳೆಗುಂದಿದ ಮಗನನ್ನು ತಾಯಿ ಚಂದ್ರಮತಿ ವಿಚಾರಿಸಿದಾಗ, ಕಂಡದ್ದನ್ನು ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ಮರೆಮಾಚುತ್ತಾನೆ. ದುಃಸ್ವಪ್ನದ ಶಾಂತಿಗೆ ಪ್ರಾಣಿಬಲಿ ಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಮಗನು ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನ ಕೋಳಿಯನ್ನು ಮಾಡಿ ಬಲಿಕೊಡುವುದು. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಕೊಲ್ಲಲ್ಪಟ್ಟು ತೊಳಲುತ್ತಾರೆ.

ಹಿಟ್ಟಿಗೆ ಏನು ನಷ್ಟವಾಯಿತು? ಏನೂ ಇಲ್ಲ. ಕನಸಿನ ಮನುಷ್ಯನಿಗೆ ಆಗುವುದಕ್ಕಿಂತ ಹೆಚ್ಚಿನ ನಷ್ಟ ಹಿಟ್ಟಿಗೆ ಆಗಿಲ್ಲ. ಆದರೂ ಕತ್ತಿ ಹಿಡಿದ ಕೈ ಕೋಳಿಯನ್ನೇ ಕೊಲ್ಲುವ ಭಾವದಿಂದ ಇಳಿಯಿತು. ಕುಂದಕುಂದಾಚಾರ್ಯರು ‘ಭಾವಪಾಹುಡ’ದಲ್ಲಿ ನೆನೆಯುವ ಅಕ್ಕಿಕಾಳಿನ ಗಾತ್ರದ ಮೀನಿನ ಕಥೆಯೂ ಇದನ್ನೇ ಹೇಳುತ್ತದೆ. ಬಾಯ್ತೆರೆದು ನಿದ್ರಿಸುವ ಮಹಾಮತ್ಸ್ಯದ ಬಾಯೊಳಗೆ ಸಣ್ಣ ಮೀನುಗಳು ಹೊಕ್ಕು ಹೊರಡುತ್ತಿರುತ್ತವೆ. ಅದನ್ನು ಕಂಡ ಈ ಪುಟ್ಟ ಮೀನು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ ಎಂದುಕೊಳ್ಳುತ್ತದೆ. ಅಷ್ಟರಿಂದಲೇ ನರಕಕ್ಕಿಳಿಯುತ್ತದೆ. ಗಮನಿಸಿ: ಇಲ್ಲಿ ನಿದ್ರಿಸುತ್ತಿರುವುದು ದೊಡ್ಡ ಮೀನು, ಎಚ್ಚರವಾಗಿ ಕೆಟ್ಟದ್ದನ್ನು ಬಯಸುತ್ತಿರುವುದು ಚಿಕ್ಕದು. ಸೆರೆಮನೆಯ ಕೋಣೆಯಲ್ಲಿ ಕುಳಿತು ಚಿತ್ರಹಿಂಸೆಗಳನ್ನು ಬಣ್ಣಿಸುವ ಆ ಮನುಷ್ಯನನ್ನು ಉಪಾಧ್ಯಾಯ ಮಿತ್ರರು ಮರೆಯಲಾರದೆ ಹೋದದ್ದು ಇದಕ್ಕಾಗಿಯೇ. ಅವನು ಅಕ್ಕಿಕಾಳಿನ ಮೀನಿನ ವಂಶದವನು.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯವನ್ನು ಮುಚ್ಚಿಟ್ಟರೆ ಈ ಲೇಖನವೇ ಹಿಟ್ಟಿನ ಕೋಳಿಯಾದೀತು. ಆದ್ದರಿಂದ ಸಂಕೋಚವನ್ನು ಬಿಟ್ಟು ಹೇಳುತ್ತೇನೆ.

ಯಶವಂತಪುರದ ಮಾರುಕಟ್ಟೆಯಲ್ಲಿ ನಾನು ಬೇಳೆಕಾಳಿನ ವ್ಯಾಪಾರ ಮಾಡುತ್ತಿದ್ದಾಗ ನನಗೊಬ್ಬ ಪಾಲುದಾರರಿದ್ದರು. ಲೆಕ್ಕದ ವಿಷಯದಲ್ಲಿ ಮನಸ್ತಾಪವಾಗಿ ಬೇರೆಯಾದೆವು. ನನಗೆ ಅನ್ಯಾಯವಾಯಿತೆಂದು ನಾನು ನಂಬಿದೆ. ಅವರೂ ಹಾಗೆಯೇ ನಂಬಿರಬಹುದು. ಅನಂತರ ಪ್ರತಿ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಸಭೆಯಲ್ಲಿ ಎಲ್ಲರೆದುರು ಕೈಮುಗಿದು ಸಕಲ ಜೀವರಾಶಿಯ ಕ್ಷಮೆ ಬೇಡುತ್ತಿದ್ದೆ. ಸಕಲ ಜೀವರಾಶಿಯಲ್ಲಿ ಅವರೂ ಸೇರಿದರೆಂದು ತಿಳಿದು ತೃಪ್ತನಾಗಿದ್ದೆ.

‘ಲೂಸಿಯಾ’ ನೋಡಿದ ಕೆಲವು ದಿನಗಳ ಮೇಲೆ ನನಗೊಂದು ಕನಸು ಬಿತ್ತು. ಆ ಹಳೆಯ ಪಾಲುದಾರರ ಗೋದಾಮಿಗೆ ಬೆಂಕಿ ಹತ್ತಿದೆ. ತೊಗರಿಬೇಳೆಯ ಮೂಟೆಗಳು ಸುಡುತ್ತಿವೆ. ನೀರಿನ ನಲ್ಲಿ ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿದೆ. ನಾನು ತಿರುಗಿಸಲಿಲ್ಲ. ಸುಟ್ಟ ಮೂಟೆಗಳನ್ನು ಒಂದೊಂದಾಗಿ ಎಣಿಸುತ್ತ ಸಮಾಧಾನದಿಂದ ನಿಂತಿದ್ದೆ. ಎಚ್ಚರವಾಯಿತು.

ಕನಸು ಅಷ್ಟೇ. ಅದರ ಭಾರ ಹಗುರವೆಂದು ಮೇಲೆ ನಾನೇ ಬರೆದಿದ್ದೇನೆ. ಆದರೆ ನನ್ನನ್ನು ಅಂಜಿಸಿದ್ದು ಕನಸಲ್ಲ, ಅದರ ನಂತರ ನಡೆದದ್ದು. ಎದ್ದು ಹಲ್ಲುಜ್ಜುವಾಗಲೂ, ಸ್ನಾನ ಮಾಡುವಾಗಲೂ ಆ ಬೆಂಕಿ ನನಗೆ ಹಿತವಾಗಿತ್ತು. ಒಂದೆರಡು ಬಾರಿ ನಾನಾಗಿಯೇ ಅದನ್ನು ನೆನಪಿಗೆ ತಂದುಕೊಂಡು ನೋಡಿದೆ. ದೇವರ ಕೋಣೆಯಲ್ಲಿ ಕುಳಿತಾಗ ಅದು ಹೊಳೆಯಿತು. ನಮ್ಮಲ್ಲಿ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂದು ಮೂರು ಹೇಳಿದ್ದಾರೆ. ಕೃತ, ಕಾರಿತ, ಅನುಮೋದನೆ. ಕನಸಿನಲ್ಲಿ ನಲ್ಲಿಯನ್ನು ತಿರುಗಿಸದೆ ಇದ್ದದ್ದು ನಿದ್ರೆಯ ಪ್ರಮಾದ. ಆದರೆ ಸ್ನಾನದ ಮನೆಯಲ್ಲಿ ನಿಂತು ಅದನ್ನು ಮೆಚ್ಚಿಕೊಂಡದ್ದು ಎಚ್ಚರದ ಅನುಮೋದನೆ. ಕನಸು ಕೆಲವು ನಿಮಿಷ ನಡೆದಿರಬಹುದು. ನಾನು ಅದಕ್ಕೆ ರುಜು ಹಾಕಿದ್ದು ಮಾತ್ರ ಕಣ್ತೆರೆದ ಮೇಲೆ, ಪೂರ್ಣ ತಿಳಿವಿನಿಂದ.

ಆಗ ನನಗೆ ಲೇಖನದ ತಲೆಬರಹದ ಪ್ರಶ್ನೆಗೆ ಉತ್ತರ ದೊರೆಯಿತು. ಕನಸು ಕಿರ್ದಿಯ ಒಂದು ನಮೂದು ಇದ್ದಂತೆ. ಒಳಗೆ ಅಡಗಿದ್ದ ಬಾಕಿಯನ್ನು ಅದು ಹೊರಗೆ ತೋರಿಸುತ್ತದೆ. ಅದನ್ನು ಖಾತೆಗೆ ಹತ್ತಿಸುವವರು ಎದ್ದ ಮೇಲಿನ ನಾವು. ಮೆಚ್ಚಿದರೆ ಬಾಕಿ ಬೆಳೆಯಿತು. ಕಂಡು ನಾಚಿ, ಪ್ರತಿಕ್ರಮಣ ಮಾಡಿದರೆ ತೀರತೊಡಗಿತು. ಇಷ್ಟು ವರ್ಷ ಕ್ಷಮಾವಣಿಯ ಸಭೆಯಲ್ಲಿ ನಾನು ಬೇಡಿದ ಕ್ಷಮೆ ಬಾಯಿಯದಾಗಿತ್ತು. ಆ ಕನಸು ನನ್ನ ಲೆಕ್ಕಪತ್ರ ತಪಾಸಣೆ ಮಾಡಿ ತಾಳೆ ಬಿದ್ದಿಲ್ಲವೆಂದು ತೋರಿಸಿಕೊಟ್ಟಿತು.

ಆ ವಾರ ನಾನು ಅವರ ಮನೆಗೆ ಹೋದೆ. ಬಹಳ ವರ್ಷಗಳ ಮೇಲೆ ಬಂದವನನ್ನು ಕಂಡು ಅವರು ಬಾಗಿಲಲ್ಲೇ ಒಂದು ಗಳಿಗೆ ನಿಂತರು. ಅನಂತರ, “ಒಳಗೆ ಬನ್ನಿ ಸ್ವಾಮಿ” ಎಂದರು. ಹಳೆಯ ಲೆಕ್ಕವನ್ನು ನಾನು ಎತ್ತಲಿಲ್ಲ. “ನಿಮ್ಮ ವಿಷಯದಲ್ಲಿ ನನ್ನ ಮನಸ್ಸು ಶುದ್ಧವಾಗಿರಲಿಲ್ಲ, ಕ್ಷಮಿಸಬೇಕು” ಎಂದಷ್ಟೇ ಹೇಳಿದೆ. ಕನಸಿನ ಮಾತನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನನ್ನ ಕನಸಿನಲ್ಲಿಯೂ ನೀವು ಬಂದಿದ್ದೀರಿ. ಅಲ್ಲಿ ನಿಮಗೆ ಏನಾಯಿತೆಂದು ಮಾತ್ರ ಕೇಳಬೇಡಿ” ಎಂದರು. ಇಬ್ಬರೂ ನಕ್ಕೆವು. ಕಾಫಿ ಕುಡಿದು ಹಿಂದಿರುಗಿದೆ. ಹಣದ ವ್ಯತ್ಯಾಸ ಇಂದಿಗೂ ಹಾಗೆಯೇ ಇದೆ. ಅದನ್ನು ನಾನು ವಸೂಲಾಗದ ಬಾಕಿಯೆಂದು ಬರೆದುಹಾಕಿದ್ದೇನೆ. ದ್ವೇಷವನ್ನು ಹಾಗೆ ಒಂದೇ ಸಾಲಿನಲ್ಲಿ ಬರೆದುಹಾಕಲು ಬರುವುದಿಲ್ಲ. ಅದು ಕಂತಿನಲ್ಲಿ ತೀರುತ್ತಿದೆ.

ಮುಗಿಸುವ ಮುನ್ನ ಎರಡು ಎಚ್ಚರಿಕೆಗಳನ್ನು ವಿನಯದಿಂದ ನಿವೇದಿಸುತ್ತೇನೆ. ಒಂದನೆಯದು, ಕನಸಿನ ಪರೀಕ್ಷೆಯನ್ನು ಪ್ರತಿಯೊಬ್ಬರೂ ತಮಗೆ ತಾವೇ ಮಾಡಿಕೊಳ್ಳಬೇಕೇ ಹೊರತು ಇನ್ನೊಬ್ಬರ ಕನಸಿಗೆ ತೀರ್ಪು ಕೊಡಬಾರದು. ಮಕ್ಕಳು ಕೆಟ್ಟ ಕನಸು ಕಂಡು ಅಳುತ್ತ ಎದ್ದಾಗ ಪಾಪವೆಂದು ಹೆದರಿಸುವುದು ತಾನೇ ಒಂದು ಹಿಂಸೆ. ನೀರು ಕುಡಿಸಿ, ತಲೆ ಸವರಿ, ಣಮೋಕಾರ ಹೇಳಿಕೊಟ್ಟರೆ ಸಾಕು. ಎರಡನೆಯದು, ಕೆಟ್ಟ ಕನಸಿನ ಶಾಂತಿಗೆಂದು ಹಣ ಕೇಳುವವರ ಬಾಗಿಲಿಗೆ ಹೋಗಬಾರದು. ಚಂದ್ರಮತಿ ಹಿಡಿದ ದಾರಿ ಅದೇ. ದುಃಸ್ವಪ್ನಕ್ಕೆ ಶಾಂತಿ ಹೊರಗಿನ ಬಲಿಯಲ್ಲಿಲ್ಲ.

ಬಸದಿಗಳ ಟ್ರಸ್ಟಿನವರಲ್ಲಿಯೂ ಒಂದು ವಿನಂತಿ. ಇಂದಿನ ಮಕ್ಕಳು ಇಂತಹ ಚಿತ್ರಗಳನ್ನು ನೋಡಿಯೇ ನೋಡುತ್ತಾರೆ. ಬೇಡವೆಂದು ಗದರಿಸುವ ಬದಲು ಪಾಠಶಾಲೆಯಲ್ಲಿ ಒಂದು ದಿನ ಅವರ ಅಭಿಪ್ರಾಯಗಳನ್ನು ಕೇಳಿ, ಸಮಂತಭದ್ರರನ್ನೂ ಜನ್ನನನ್ನೂ ಅವರ ಮುಂದಿಡಬಹುದು. ಶ್ರವಣಬೆಳಗೊಳದ ಚಂದ್ರಗುಪ್ತ ಬಸದಿಯಲ್ಲಿ ದಾಸೋಜನೆಂಬ ಶಿಲ್ಪಿಯು ಜಾಲಂಧ್ರದ ಕಲ್ಲಿನಲ್ಲಿ ಭದ್ರಬಾಹು ಚಂದ್ರಗುಪ್ತರ ಕಥೆಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕೆತ್ತಿದ್ದಾನೆ. ಅಂತಹ ಚೌಕಗಳು 90. ಚಿತ್ರದ ಮೇಲೆ ಚಿತ್ರವನ್ನಿಟ್ಟು ಕಥೆ ಹೇಳುವುದನ್ನು ನಮ್ಮ ಹಿರಿಯರು ತಪ್ಪೆಂದು ತಿಳಿದಿರಲಿಲ್ಲ. ನೋಡಿದ ಮೇಲೆ ನಮ್ಮ ಮನಸ್ಸು ಏನಾಯಿತೆಂಬುದನ್ನು ಮಾತ್ರ ವಿಚಾರಿಸಿಕೊಳ್ಳಬೇಕೆನ್ನುತ್ತಿದ್ದರು.

ಅತ್ತಿಗೆಯವರಿಗೆ ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಕೊಟ್ಟೆ: “ನೀವು ಮಾಡಿದ್ದು ಸರಿ.” ಅವರು, “ಅದು ನನಗೆ ಗೊತ್ತಿತ್ತು. ನಿಮಗೆ ಗೊತ್ತಿದೆಯೋ ಎಂದು ಕೇಳಿದ್ದೆ” ಎಂದರು.

ಈ ಬರಹದಲ್ಲಿ ಶಾಸ್ತ್ರಕ್ಕೆ ವಿರುದ್ಧವಾದದ್ದೇನಾದರೂ ನುಸುಳಿದ್ದರೆ ವಿದ್ವಾಂಸರು ತಿದ್ದಬೇಕು. ಎಚ್ಚರದಲ್ಲಾಗಲಿ ಕನಸಿನಲ್ಲಾಗಲಿ ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮಿಸಬೇಕು.

ಜೈ ಜಿನೇಂದ್ರ.